ಬೇಟೆಯ ಋತುವಿಗೆ ಮುನ್ನ ಕಾಡು ಟರ್ಕಿಯ ಜಾಡು ಹಿಡಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿಸೌರಿ ರಾಜ್ಯದಲ್ಲಿ, ಅದರಲ್ಲೂ ದಕ್ಷಿಣದ ಓಝಾರ್ಕ್ ಗುಡ್ಡಗಾಡಿನಲ್ಲಿ, ವಸಂತಕಾಲದಲ್ಲಿ ಟರ್ಕಿ ಎಂಬ ಕೋಳಿಜಾತಿಯ ದೊಡ್ಡ ಕಾಡುಹಕ್ಕಿಯ ಬೇಟೆಗೆ ಮೊದಲ ಬಾರಿ ಹೊರಡುವ ಕನ್ನಡಿಗರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಬೇರೆ ರಾಜ್ಯಗಳಲ್ಲಿ ದಿನಾಂಕಗಳೂ ನಿಯಮಗಳೂ ಬೇರೆಯಾಗಿರುತ್ತವೆ. ಹಕ್ಕಿಯ ಸ್ವಭಾವ ಮಾತ್ರ ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ.

ಬೇಟೆಯ ದಿನವೇ ಕಾಡಿಗೆ ಹೋದರೆ ಸಾಲದೆ? ಮೊದಲೇ ಹೋಗಿ ನೋಡಬೇಕೇಕೆ?

ಮಿಸೌರಿಯಲ್ಲಿ ವಸಂತದ ಬೇಟೆ ಏಪ್ರಿಲ್ ತಿಂಗಳ ಮೂರನೆಯ ಸೋಮವಾರ ಆರಂಭವಾಗಿ ಮೂರು ವಾರ ನಡೆಯುತ್ತದೆ. ಒಬ್ಬ ಬೇಟೆಗಾರನಿಗೆ ಇಡೀ ಋತುವಿನಲ್ಲಿ ಎರಡು ಹಕ್ಕಿಗಳಿಗೆ ಮಾತ್ರ ಅವಕಾಶವಿದ್ದು, ಮೊದಲ ವಾರದಲ್ಲಿ ಒಂದನ್ನಷ್ಟೇ ಹೊಡೆಯಬಹುದು. ಸಾರ್ವಜನಿಕ ಕಾಡುಗಳಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಆ ದಿನದ ಬೇಟೆ ಮುಗಿಯುತ್ತದೆ. ಇಷ್ಟು ಕಡಿಮೆ ಸಮಯದಲ್ಲಿ ಹಕ್ಕಿ ಎಲ್ಲಿದೆ ಎಂದು ಹುಡುಕುತ್ತಾ ಕಾಡು ಸುತ್ತತೊಡಗಿದರೆ ಹಕ್ಕಿಯೇ ನಿಮ್ಮನ್ನು ಮೊದಲು ಕಂಡು ಜಾಗ ಖಾಲಿ ಮಾಡಿರುತ್ತದೆ. ಟರ್ಕಿಗೆ ವಾಸನೆ ಹಿಡಿಯುವ ಶಕ್ತಿ ಅಷ್ಟಾಗಿ ಇಲ್ಲ, ಆದರೆ ಕಣ್ಣು ಅತ್ಯಂತ ಚುರುಕು. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಕತ್ತು ತಿರುಗಿಸದೆಯೇ ಸುತ್ತಲಿನ ಬಹುಭಾಗ ಅದಕ್ಕೆ ಕಾಣುತ್ತದೆ, ಬಣ್ಣಗಳೂ ಚೆನ್ನಾಗಿ ತಿಳಿಯುತ್ತವೆ.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯವಾದದ್ದು. ಹುಂಜ ತಾನಾಗಿ ಹೋಗಬೇಕೆಂದಿರುವ ಕಡೆಗೆ ಅದನ್ನು ಹೇಂಟೆಯ ದನಿ ಅನುಕರಿಸಿ ಕರೆಯುವುದು ಸುಲಭ. ಹೋಗಲು ಮನಸ್ಸಿಲ್ಲದ ಕಡೆಗೆ ಎಂಥ ನಿಪುಣ ಕರೆಗಾರನೂ ಅದನ್ನು ತಿರುಗಿಸುವುದು ಕಷ್ಟ. ಆದ್ದರಿಂದ ಜಾಡು ಹಿಡಿಯುವುದೆಂದರೆ ಹಕ್ಕಿ ಇದೆಯೇ ಇಲ್ಲವೇ ಎಂಬುದನ್ನಷ್ಟೇ ತಿಳಿಯುವುದಲ್ಲ. ಅದು ಎಲ್ಲಿ ರಾತ್ರಿ ಕಳೆಯುತ್ತದೆ, ಎಲ್ಲಿ ಇಳಿಯುತ್ತದೆ, ಬೆಳಗಿನ ಒಂಬತ್ತು ಗಂಟೆಗೆ ಎಲ್ಲಿರುತ್ತದೆ ಎಂಬ ದಿನಚರಿಯನ್ನು, ಅದಕ್ಕೆ ಸುಳಿವು ಕೊಡದೆ, ಅರಿತುಕೊಳ್ಳುವುದು.

ಯಾವ ತಿಂಗಳಲ್ಲಿ ಆರಂಭಿಸಬೇಕು?

ನೆಲದ ಪರಿಚಯಕ್ಕೆ ಫೆಬ್ರವರಿಯೇ ಒಳ್ಳೆಯದು, ಏಕೆಂದರೆ ಎಲೆ ಉದುರಿದ ಕಾಡಿನಲ್ಲಿ ಗುಡ್ಡದ ಏಣು, ಹಳ್ಳ, ಹಳೆಯ ಮರಸಾಗಣೆಯ ದಾರಿ, ಬೇಲಿ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಹಕ್ಕಿಯನ್ನು ನಂಬಿ ಲೆಕ್ಕ ಹಾಕಲು ಮಾತ್ರ ಮಾರ್ಚ್ ಕೊನೆಯವರೆಗೆ ಕಾಯಬೇಕು. ಋತುವಿಗೆ ಮುಂಚಿನ ಎರಡು ವಾರಗಳಲ್ಲಿ ಕಂಡದ್ದಕ್ಕೆ ಇರುವ ಬೆಲೆ ಫೆಬ್ರವರಿಯಲ್ಲಿ ಕಂಡದ್ದಕ್ಕೆ ಇರುವುದಿಲ್ಲ.

ಒಂದು ಎಚ್ಚರಿಕೆ. ಮುಖ್ಯ ಋತುವಿಗೆ ಮೊದಲು ಒಂದು ವಾರಾಂತ್ಯವನ್ನು ಮಕ್ಕಳ ಬೇಟೆಗೆಂದು ಮೀಸಲಿಟ್ಟಿರುತ್ತಾರೆ. ಆ ಎರಡು ದಿನ ಕಾಡಿನಲ್ಲಿ ಜಾಡು ನೋಡುತ್ತಾ ಓಡಾಡದಿರುವುದು ಲೇಸು. ಮಕ್ಕಳ ಬೇಟೆ ಕೆಡುತ್ತದೆ, ನಿಮಗೂ ಅಪಾಯ.

ಫೆಬ್ರವರಿಯಲ್ಲಿ ಹೊಲವೊಂದರಲ್ಲಿ ನಲವತ್ತು ಐವತ್ತು ಹಕ್ಕಿಗಳ ಹಿಂಡು ಕಂಡೆ. ಏಪ್ರಿಲ್‌ನಲ್ಲಿ ಅಲ್ಲೇ ಕೂರಬಹುದೆ?

ಅದನ್ನೇ ನಂಬಿ ಕೂರಬೇಡಿ. ಚಳಿಗಾಲದಲ್ಲಿ ಟರ್ಕಿಗಳು ಆಹಾರವಿರುವ ಕಡೆ, ಅಂದರೆ ಮೆಕ್ಕೆಜೋಳ ಅಥವಾ ಸೋಯಾ ಕೊಯ್ದ ಹೊಲದ ಕೂಳೆಯಲ್ಲಿ, ಓಕ್ ಕಾಯಿ ಹೇರಳವಾಗಿ ಬಿದ್ದ ಕಣಿವೆಯಲ್ಲಿ, ದೊಡ್ಡ ಹಿಂಡಾಗಿ ಸೇರುತ್ತವೆ. ಹೇಂಟೆಗಳದ್ದೊಂದು ಹಿಂಡಾದರೆ ಬಲಿತ ಹುಂಜಗಳದ್ದು ಪ್ರತ್ಯೇಕ ಗುಂಪಾಗಿರುವುದು ಸಾಮಾನ್ಯ. ಹಗಲಿನ ಅವಧಿ ಹೆಚ್ಚುತ್ತಾ ಹೋದಂತೆ ಹಕ್ಕಿಯ ದೇಹದಲ್ಲಿ ಸಂತಾನಕಾಲದ ಬದಲಾವಣೆಗಳು ಆರಂಭವಾಗಿ, ಮಾರ್ಚ್ ಏಪ್ರಿಲ್ ಹೊತ್ತಿಗೆ ಹಿಂಡು ಒಡೆಯುತ್ತದೆ. ಹೇಂಟೆಗಳು ಗೂಡಿಗೆ ತಕ್ಕ ಜಾಗ ಅರಸಿ ಚದುರುತ್ತವೆ, ಹುಂಜಗಳು ಅವುಗಳ ಹಿಂದೆ ಹೋಗುತ್ತವೆ. ಕೆಲವು ಅಲ್ಲೇ ಸುತ್ತಮುತ್ತ ಉಳಿದರೆ ಇನ್ನು ಕೆಲವು ಮೈಲಿಗಟ್ಟಲೆ ದೂರ ಸಾಗಿಬಿಡುತ್ತವೆ.

ಹಾಗೆಂದು ಚಳಿಗಾಲದ ನೋಟ ವ್ಯರ್ಥವಲ್ಲ. ಆ ಹೊಲದ ಸುತ್ತಲಿನ ಎರಡು ಮೂರು ಮೈಲಿಗಳಲ್ಲಿ ಹೇಂಟೆ ಗೂಡು ಕಟ್ಟಬಹುದಾದ ಪೊದೆಗಾಡು, ಹುಲ್ಲು ಬೆಳೆದ ಪಾಳುಭೂಮಿ, ಮರ ಕಡಿದು ಮತ್ತೆ ಚಿಗುರಿದ ತಾಣ ಎಲ್ಲಿದೆ ಎಂದು ಗುರುತಿಸಿಟ್ಟುಕೊಂಡರೆ ಏಪ್ರಿಲ್‌ನ ಹುಡುಕಾಟ ಅರ್ಧ ಮುಗಿದ ಹಾಗೆ. ವಸಂತದಲ್ಲಿ ಹೇಂಟೆ ಎಲ್ಲಿರುತ್ತದೋ ಹುಂಜವೂ ಅಲ್ಲೇ ಸುಳಿದಾಡುತ್ತದೆ.

ನಕ್ಷೆ ನೋಡುವಾಗ ಏನನ್ನು ಹುಡುಕಬೇಕು?

ಗೂಗಲ್ ಅರ್ಥ್ ಆಗಲಿ, ಆನ್‌ಎಕ್ಸ್‌ನಂತಹ ಬೇಟೆಗಾರರ ಆ್ಯಪ್ ಆಗಲಿ, ಉಪಗ್ರಹ ಚಿತ್ರದ ಜೊತೆಗೆ ಎತ್ತರ ತೋರಿಸುವ ಗೆರೆಗಳಿರುವ ನಕ್ಷೆಯನ್ನೂ ಇಟ್ಟುಕೊಳ್ಳಬೇಕು. ಟರ್ಕಿಗೆ ಮೂರು ಬಗೆಯ ಜಾಗ ಹತ್ತಿರ ಹತ್ತಿರ ಬೇಕು: ರಾತ್ರಿ ಕೂರಲು ದೊಡ್ಡ ಮರಗಳು, ಮೇಯಲು ಮತ್ತು ಗರಿಗೆದರಿ ಮೆರೆಯಲು ಬಯಲು, ಗೂಡಿಗೆ ದಟ್ಟ ಪೊದೆ. ಈ ಮೂರೂ ಒಂದನ್ನೊಂದು ಮುಟ್ಟುವ ಕಡೆ ಮೊದಲ ಗುರುತು ಹಾಕಿ. ಓಝಾರ್ಕ್‌ನಲ್ಲಿ ಉದ್ದನೆಯ ಗುಡ್ಡದ ಏಣುಗಳ ಮೇಲೆ ಮರಸಾಗಣೆಯ ದಾರಿಗಳಿರುತ್ತವೆ. ಎರಡು ಏಣುಗಳು ಸೇರುವ ತಗ್ಗು, ಕಾಡಿನೊಳಗೆ ಚಾಚಿಕೊಂಡ ಹೊಲದ ಮೂಲೆ, ತೊರೆಯ ಪಕ್ಕದ ಸಮತಟ್ಟು, ಈ ಕಡೆಗಳಲ್ಲಿ ಹಕ್ಕಿಯ ಓಡಾಟ ಹೆಚ್ಚು.

ಸಾರ್ವಜನಿಕ ಕಾಡಿಗೆ ಮಿಸೌರಿಯಲ್ಲಿ ಕೊರತೆಯಿಲ್ಲ. ಮಾರ್ಕ್ ಟ್ವೇನ್ ರಾಷ್ಟ್ರೀಯ ಅರಣ್ಯವೊಂದೇ ಸುಮಾರು 15 ಲಕ್ಷ ಎಕರೆ ಇದೆ; ರಾಜ್ಯದ ಸಂರಕ್ಷಣಾ ಇಲಾಖೆಯ ತಾಣಗಳು ಬೇರೆ. ವಾಹನ ನಿಲ್ಲಿಸುವ ಜಾಗದಿಂದ ಒಂದು ಮೈಲಿ ನಡೆದುಹೋಗಬೇಕಾದ ಕಡೆ ಜನಸಂಚಾರ ಥಟ್ಟನೆ ಕಡಿಮೆಯಾಗುತ್ತದೆ. ನಕ್ಷೆಯಲ್ಲಿ ನಾನು ಮೊದಲು ನೋಡುವುದೇ ಈ ದೂರವನ್ನು.

ನೆಲದ ಮೇಲೆ ಯಾವ ಯಾವ ಗುರುತುಗಳು ಸಿಗುತ್ತವೆ? ಅವುಗಳನ್ನು ಓದುವುದು ಹೇಗೆ?

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಕೆದರಿದ ನೆಲ. ಊರಿನ ಹಿತ್ತಲಿನಲ್ಲಿ ಕೋಳಿ ತಿಪ್ಪೆ ಕೆದಕುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟರ್ಕಿ ಕಾಲಿನಿಂದ ತರಗೆಲೆಯನ್ನು ಹಿಂದಕ್ಕೆ ಎಳೆದು ಹಾಕುತ್ತದೆ. ಮುಂದೆ ಬೋಳು ಮಣ್ಣು, ಹಿಂದೆ ಎಲೆಯ ಸಣ್ಣ ರಾಶಿ ಉಳಿಯುತ್ತದೆ. ರಾಶಿ ಯಾವ ಕಡೆಗಿದೆಯೋ ಅದಕ್ಕೆ ವಿರುದ್ಧ ದಿಕ್ಕಿಗೆ ಹಕ್ಕಿ ಹೋಗಿದೆ ಎಂದು ತಿಳಿಯಬೇಕು. ಇಡೀ ಇಳಿಜಾರಿನಲ್ಲಿ ಇಂಥ ಗುರುತುಗಳು ಸಾಲಾಗಿ ಒಂದೇ ಕಡೆಗೆ ಮುಖಮಾಡಿದ್ದರೆ ಹಿಂಡು ಮೇಯುತ್ತಾ ಸಾಗಿದ ದಾರಿ ಸಿಕ್ಕಿತೆಂದೇ ಅರ್ಥ.

ಕೆದರಿದ್ದು ಯಾವಾಗ ಎಂಬುದನ್ನು ಬಗ್ಗಿ ನೋಡಿಯೇ ಹೇಳಬೇಕು. ಅಂದಿನದೇ ಆದರೆ ಬೋಳು ಮಣ್ಣು ಕಪ್ಪಾಗಿ, ತೇವವಾಗಿರುತ್ತದೆ. ಮಗುಚಿ ಬಿದ್ದ ಓಕ್ ಎಲೆಯ ಅಡಿಭಾಗ ಇನ್ನೂ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಅಂಚಿನಲ್ಲಿ ಬೆರಳುಗುರುತಿನ ಗೀರುಗಳು ಹರಿತವಾಗಿರುತ್ತವೆ. ಎರಡು ಮೂರು ದಿನ ಬಿಸಿಲು ಗಾಳಿ ಬಿದ್ದರೆ ಮಣ್ಣು ಬೂದುಬಣ್ಣಕ್ಕೆ ತಿರುಗಿ, ಹಾರಿಬಂದ ಎಲೆಗಳು ಅದರ ಮೇಲೆ ಹರಡಿಕೊಳ್ಳುತ್ತವೆ. ಮಳೆ ಬಿದ್ದಿದ್ದರೆ ಮಣ್ಣಿನ ಮೇಲೆ ಹನಿಯ ಗುಳಿಗಳಿರುತ್ತವೆ. ಆಗ ಕೆದರಿದ್ದು ಮಳೆಗೆ ಮುಂಚೆ ಎಂದು ನಿಶ್ಚಯವಾಗುತ್ತದೆ. ಓಝಾರ್ಕ್‌ನಲ್ಲಿ ಆರ್ಮಡಿಲೋ ಕೂಡ ನೆಲ ಅಗೆಯುವುದರಿಂದ ಅದನ್ನು ಬೇರೆಯಾಗಿ ಗುರುತಿಸಬೇಕು. ಆ ಪ್ರಾಣಿ ಮೂಗು ತೂರಿಸಿ ಆಳವಾದ ಸಣ್ಣ ಕುಳಿ ಮಾಡುತ್ತದೆ, ಟರ್ಕಿ ಮಣ್ಣನ್ನು ಅಗೆಯದೆ ಎಲೆಯನ್ನಷ್ಟೇ ಸರಿಸುತ್ತದೆ.

ಹಿಕ್ಕೆಯಿಂದ ಗಂಡೋ ಹೆಣ್ಣೋ ಎಂಬುದು ತಿಳಿಯುತ್ತದೆ. ಹುಂಜದ ಹಿಕ್ಕೆ ಉದ್ದವಾಗಿದ್ದು ಒಂದು ತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ. ಹೇಂಟೆಯದು ಸುರುಳಿ ಸುತ್ತಿದ ಗುಪ್ಪೆ. ದೊಡ್ಡ ಮರವೊಂದರ ಅಡಿಯಲ್ಲಿ ಹಳೆಯದು ಹೊಸದು ಬೆರೆತು ಹಿಕ್ಕೆ ರಾಶಿ ಬಿದ್ದಿದ್ದು, ಜೊತೆಗೆ ಉದುರಿದ ಗರಿಗಳಿದ್ದರೆ ಅದು ಹಕ್ಕಿಗಳು ರಾತ್ರಿ ಕೂರುವ ಮರ. ಎದೆಯ ಗರಿಯನ್ನು ಎತ್ತಿ ನೋಡಿ: ತುದಿ ಕಪ್ಪಾಗಿದ್ದರೆ ಹುಂಜದ್ದು, ತಿಳಿಕಂದು ಅಂಚಿದ್ದರೆ ಹೇಂಟೆಯದು.

ಹೆಜ್ಜೆ ನೋಡಲು ಮಳೆ ನಿಂತ ಮರುದಿನ ಮಣ್ಣುದಾರಿಗೆ ಹೋಗಬೇಕು. ಇಡೀ ಹೆಜ್ಜೆ 4 ಅಂಗುಲ ಮೀರಿದ್ದು, ನಡುಬೆರಳೊಂದೇ 2.5 ಅಂಗುಲಕ್ಕಿಂತ ಉದ್ದವಿದ್ದರೆ ಹೆಚ್ಚಾಗಿ ಬಲಿತ ಹುಂಜವೇ. ಆ ಹೆಜ್ಜೆಗಳ ಎರಡೂ ಪಕ್ಕದಲ್ಲಿ ಕಡ್ಡಿಯಿಂದ ಗೀಚಿದಂತೆ ಸಮಾನಾಂತರ ಗೆರೆಗಳು ಕಂಡರೆ ಅಲ್ಲಿ ನಿಂತು ಸುತ್ತಲೂ ನೋಡಿಕೊಳ್ಳಿ, ಏಕೆಂದರೆ ಅದಕ್ಕಿಂತ ಬೆಲೆಬಾಳುವ ಗುರುತು ಇನ್ನೊಂದಿಲ್ಲ. ಹುಂಜ ಬಾಲದ ಗರಿ ಬಿಚ್ಚಿ, ರೆಕ್ಕೆ ಇಳಿಬಿಟ್ಟು ಹೇಂಟೆಯ ಮುಂದೆ ಮೆರೆಯುವಾಗ ರೆಕ್ಕೆಯ ತುದಿ ನೆಲಕ್ಕೆ ಉಜ್ಜಿ ಆ ಗೆರೆಗಳು ಮೂಡುತ್ತವೆ. ಮೆರೆಯುವ ಜಾಗಕ್ಕೆ ಹುಂಜ ದಿನವೂ ಮರಳಿ ಬರುವ ಸಂಭವ ಹೆಚ್ಚು. ಒಣಮಣ್ಣಿನಲ್ಲಿ ತಟ್ಟೆಯಂತಹ ಗುಳಿಗಳಿದ್ದರೆ ಅವು ಮಣ್ಣುಸ್ನಾನದ ಜಾಗ. ಮಧ್ಯಾಹ್ನದ ಹೊತ್ತಿಗೆ ಹಕ್ಕಿ ಎಲ್ಲಿರುತ್ತದೆ ಎಂಬುದಕ್ಕೆ ಅದು ಸುಳಿವು.

ದೂರದಿಂದ ನೋಡಿದಾಗ ಬಲಿತ ಹುಂಜ, ಎಳೆಹುಂಜ, ಹೇಂಟೆಗಳನ್ನು ಗುರುತಿಸುವುದು ಹೇಗೆ?

ವಸಂತದಲ್ಲಿ ಗಂಡುಹಕ್ಕಿಗೆ ಅಥವಾ ಎದೆಯಲ್ಲಿ ಗಡ್ಡ, ಅಂದರೆ ಕೂದಲಿನಂತಹ ಗರಿಗಳ ಜೊಂಪೆ, ಇರುವ ಹಕ್ಕಿಗೆ ಮಾತ್ರ ಅವಕಾಶ ಇರುವುದರಿಂದ ಇದು ಕಾನೂನಿನ ಪ್ರಶ್ನೆಯೂ ಹೌದು. ಬಲಿತ ಹುಂಜ ಸುಮಾರು 16ರಿಂದ 24 ಪೌಂಡ್ ತೂಗುತ್ತದೆ, ಹೇಂಟೆ ಅದರ ಅರ್ಧದಷ್ಟು. ಹುಂಜದ ಮೈ ಕಪ್ಪಾಗಿ ಹೊಳೆಯುತ್ತದೆ, ತಲೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣಗಳಿರುತ್ತವೆ. ಹೇಂಟೆಯ ಮೈ ಕಂದು, ತಲೆ ಮಂಕಾದ ಬೂದುನೀಲಿ. ಬಾಲ ಬಿಚ್ಚಿದಾಗ ಬಲಿತ ಹುಂಜದ ಗರಿಗಳೆಲ್ಲ ಒಂದೇ ಉದ್ದವಾಗಿ ಅರ್ಧಚಂದ್ರದಂತೆ ಸಮವಾಗಿ ಕಾಣುತ್ತವೆ. ಒಂದು ವರ್ಷದ ಎಳೆಹುಂಜದಲ್ಲಿ ನಡುವಿನ ಕೆಲವು ಗರಿಗಳು ಉಳಿದವುಗಳಿಗಿಂತ ಉದ್ದವಾಗಿ ಮೇಲೆ ಚಾಚಿಕೊಂಡಿರುತ್ತವೆ, ಗಡ್ಡವೂ ಗಿಡ್ಡ. ಕೆಲವು ಹೇಂಟೆಗಳಿಗೂ ಗಡ್ಡ ಬರುತ್ತದೆ. ಅವನ್ನು ಹೊಡೆಯಲು ಕಾನೂನಿನ ಅಡ್ಡಿಯಿಲ್ಲದಿದ್ದರೂ ಬಿಟ್ಟುಬಿಡಿ ಎಂದೇ ನನ್ನ ವಿನಂತಿ, ಏಕೆಂದರೆ ಆ ಹೇಂಟೆ ಆ ವರ್ಷ ಹತ್ತು ಹನ್ನೆರಡು ಮೊಟ್ಟೆ ಇಡಬಲ್ಲದು.

ಇದಕ್ಕೆಲ್ಲ ಬೈನಾಕ್ಯುಲರ್ ಬೇಕೇ ಬೇಕು. ರಸ್ತೆಬದಿಯಲ್ಲಿ ಕಾರಿನೊಳಗೇ ಕುಳಿತು ಹೊಲವನ್ನು ನೋಡಿದರೆ ಹಕ್ಕಿ ಅಷ್ಟಾಗಿ ಬೆದರುವುದಿಲ್ಲ. ಕಾರಿನಿಂದ ಇಳಿದ ಕ್ಷಣ ಕಾಡು ಸೇರುತ್ತದೆ.

ಮುಂಜಾವದಲ್ಲಿ ಕೂಗು ಕೇಳಲು ಎಲ್ಲಿ, ಹೇಗೆ ನಿಲ್ಲಬೇಕು?

ಸುತ್ತಲಿನ ಕಣಿವೆಗಳೆಲ್ಲ ಕಿವಿಗೆ ತೆರೆದುಕೊಳ್ಳುವಂತಹ ಎತ್ತರದ ಏಣಿನ ಮೇಲೆ, ಸೂರ್ಯೋದಯಕ್ಕೆ ಮುಕ್ಕಾಲು ಗಂಟೆ ಮೊದಲೇ ಇರಬೇಕು. ಏಪ್ರಿಲ್ ಮಧ್ಯದಲ್ಲಿ ಆ ಸೀಮೆಯಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂವರೆಗೆ, ಹಾಗಾಗಿ ಐದೂಮುಕ್ಕಾಲಿಗೆ ನೀವು ಅಲ್ಲಿ ಅಲುಗಾಡದೆ ನಿಂತಿರಬೇಕು. ಕೆಂಪು ಕಾರ್ಡಿನಲ್ ಹಕ್ಕಿಗಳು ಹಾಡತೊಡಗುವ ಹೊತ್ತಿಗೆ ಮರದ ಮೇಲಿನ ಹುಂಜದ ಗೊಳಗೊಳ ಕೂಗು ಆರಂಭವಾಗುತ್ತದೆ. ಗಾಳಿಯಿಲ್ಲದ ಬೆಳಗಿನಲ್ಲಿ ಅದು ಒಂದು ಮೈಲಿ ದೂರಕ್ಕೂ ಕೇಳಿಸಬಹುದು.

ಕೂಗು ಕೇಳಿದೊಡನೆ ಅದರತ್ತ ಧಾವಿಸಬಾರದು. ದಿಕ್ಸೂಚಿಯಲ್ಲಿ ದಿಕ್ಕು ನೋಡಿ ನಕ್ಷೆಯ ಮೇಲೆ ಗೆರೆ ಎಳೆದುಕೊಳ್ಳಿ. ಮರುದಿನ ಬೇರೆ ಏಣಿನಿಂದ ಕೇಳಿ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳು ಕೂಡುವ ಕಡೆ ಆ ಮರವಿದೆ. ಹಕ್ಕಿ ಮರದಲ್ಲಿರುವಾಗ ಕೂಗು ಸ್ಪಷ್ಟವಾಗಿ, ಎಲ್ಲ ಕಡೆಗೂ ಹರಡುವಂತೆ ಕೇಳಿಸುತ್ತದೆ. ನೆಲಕ್ಕಿಳಿದ ಮೇಲೆ ಅದೇ ಕೂಗು ಹೂತುಹೋದಂತೆ ಮಂಕಾಗುತ್ತದೆ. ಇಳಿದ ಮೇಲಿನ ಮೊದಲ ಒಂದು ಗಂಟೆ ಅದು ಯಾವ ಕಡೆಗೆ ಸರಿಯಿತು ಎಂಬುದನ್ನು ಕಿವಿಯಿಂದಲೇ ಹಿಂಬಾಲಿಸಿ. ಈ ಒಂದು ಗಂಟೆಗೋಸ್ಕರವೇ ಅಷ್ಟು ಬೇಗ ಏಳುವುದು. ಮರ ಎಲ್ಲಿದೆ ಎಂದು ಬಹಳ ಬೇಟೆಗಾರರಿಗೆ ಗೊತ್ತಿರುತ್ತದೆ, ಇಳಿದು ಯಾವ ಕಡೆ ಹೋಯಿತೆಂದು ಗಮನಿಸುವವರು ಕಡಿಮೆ.

ಎಲೆ ಚಿಗುರಿದ ಮೇಲೆ ದೂರದ ಅಂದಾಜು ತಪ್ಪುತ್ತದೆ ಎಂಬುದು ನೆನಪಿರಲಿ. ಏಪ್ರಿಲ್ ಮೊದಲ ವಾರದ ಬೋಳು ಕಾಡಿನಲ್ಲಿ ಹತ್ತಿರವೆನಿಸಿದ ಹುಂಜ ತಿಂಗಳ ಕೊನೆಗೆ ಅದೇ ಮರದಿಂದ ಕೂಗಿದರೂ ದೂರವಿದ್ದಂತೆ ಕೇಳುತ್ತದೆ. ಅದನ್ನು ನಂಬಿ ಮುಂದೆ ಮುಂದೆ ನಡೆದರೆ ಹಕ್ಕಿಯ ಕಾಲಬುಡಕ್ಕೇ ಹೋಗಿ ನಿಂತಿರುತ್ತೀರಿ.

ಒಂದು ಬೆಳಗ್ಗೆ ಕೂಗೇ ಕೇಳಲಿಲ್ಲ. ಹಕ್ಕಿ ಇಲ್ಲವೆಂದು ಬಿಟ್ಟುಬಿಡಬಹುದೆ?

ಇಲ್ಲ. ಗಾಳಿ ಜೋರಾಗಿದ್ದರೆ, ಹೇಂಟೆಗಳು ಸುತ್ತಲೇ ಇದ್ದರೆ, ಸಮೀಪದಲ್ಲಿ ಕಯೋಟಿ ಎಂಬ ತೋಳದಂತಹ ಪ್ರಾಣಿ ಸುಳಿದಿದ್ದರೆ ಹುಂಜ ಮೌನವಾಗಿರಬಹುದು. ನೆಲದಲ್ಲಿ ಹೊಸ ಗುರುತುಗಳಿದ್ದರೆ ಅವನ್ನೇ ನಂಬಿ.

ಹಕ್ಕಿ ಉತ್ತರ ಕೊಡುತ್ತದೆಯೇ ಎಂದು ನೋಡಲು ಹೇಂಟೆಯಂತೆ ಕರೆಯಬಹುದೆ?

ದಯವಿಟ್ಟು ಮಾಡಬೇಡಿ. ಹೇಂಟೆಯ ದನಿ ಹೊರಡಿಸುವ ಕರೆಪೆಟ್ಟಿಗೆಯನ್ನು ಹೊಸದಾಗಿ ಕೊಂಡವರಿಗೆ ಅದನ್ನು ಕಾಡಿನಲ್ಲಿ ಬಾರಿಸಿ ನೋಡುವ ಆಸೆ ಸಹಜ. ಆದರೆ ಋತುವಿಗೆ ಮುನ್ನ ಹೇಂಟೆಯ ದನಿ ಕೇಳಿ ಬಂದ ಹುಂಜಕ್ಕೆ ಹೇಂಟೆ ಸಿಗದೆ ಮನುಷ್ಯ ಕಂಡರೆ, ಬೇಟೆಯ ದಿನ ಅದೇ ದನಿಗೆ ಅದು ಬಾಯಿ ಮುಚ್ಚಿಕೊಂಡು ದೂರ ಸರಿಯುತ್ತದೆ. ಸಾರ್ವಜನಿಕ ಕಾಡಿನಲ್ಲಿ ಹೀಗೆ ಮಾಡಿದರೆ ನಷ್ಟ ನಿಮಗೊಬ್ಬರಿಗೇ ಅಲ್ಲ, ನಿಮ್ಮ ನಂತರ ಬರುವ ಎಲ್ಲರಿಗೂ.

ಹುಂಜವನ್ನು ಕೂಗಿಸಲು ಬೇರೆ ದಾರಿಯಿದೆ. ಸಂತಾನಕಾಲದಲ್ಲಿ ಅದು ಥಟ್ಟನೆ ಕೇಳಿದ ಗಟ್ಟಿಯಾದ ಶಬ್ದಕ್ಕೆ ತಡೆಯಲಾರದೆ ಕೂಗಿಬಿಡುತ್ತದೆ. ಗುಡುಗು, ಕಾರಿನ ಬಾಗಿಲು ಹಾಕಿದ ಸದ್ದು, ಕಾಗೆಯ ಕೂಗು, ಎಲ್ಲಕ್ಕೂ ಹಾಗೆಯೇ. ಬೇಟೆಗಾರರು ಬೆಳಗಿನ ಜಾವ ಮತ್ತು ಮುಸ್ಸಂಜೆಯಲ್ಲಿ ಅಲ್ಲಿನ ಬಾರ್ಡ್ ಗೂಬೆಯ ದನಿಯನ್ನೂ ಹಗಲಿನಲ್ಲಿ ಕಾಗೆಯ ದನಿಯನ್ನೂ ಅನುಕರಿಸುತ್ತಾರೆ. ಇದರಿಂದ ಹಕ್ಕಿ ಇರುವ ಜಾಗ ತಿಳಿಯುತ್ತದೆ, ಅದು ನಿಮ್ಮತ್ತ ಬರುವುದಿಲ್ಲ. ಮೊದಲು ಹತ್ತು ನಿಮಿಷ ಸುಮ್ಮನೆ ಕೇಳಿ. ತಾನಾಗಿ ಕೂಗುತ್ತಿರುವ ಹಕ್ಕಿಯನ್ನು ಕೆಣಕುವ ಅಗತ್ಯವಿಲ್ಲ.

ಬೆಳಗಿನ ಕೂಗು ನಿಂತ ಮೇಲೆ ಮನೆಗೆ ಹೊರಡಬಹುದೆ?

ಹೊರಡಬಹುದು, ಆದರೆ ಒಂಬತ್ತರಿಂದ ಹನ್ನೊಂದರವರೆಗಿನ ಸಮಯವನ್ನು ಕೆಲವು ದಿನವಾದರೂ ಕಾಡಿಗೆ ಕೊಡಿ. ಹೇಂಟೆ ಸುಮಾರು ದಿನಕ್ಕೊಂದರಂತೆ ಮೊಟ್ಟೆಯಿಡುತ್ತದೆ ಮತ್ತು ಅದಕ್ಕಾಗಿ ಹುಂಜವನ್ನು ಬಿಟ್ಟು ಗೂಡಿಗೆ ಹೋಗುತ್ತದೆ. ಮೊಟ್ಟೆಗಳೆಲ್ಲ ಆದ ಮೇಲೆ ಸುಮಾರು 28 ದಿನ ಕಾವು ಕೂರುತ್ತದೆ. ಬೆಳಗ್ಗೆ ಹೇಂಟೆಗಳ ಹಿಂದೆ ಮೌನವಾಗಿ ಹೋದ ಹುಂಜ ಈ ಹೊತ್ತಿನಲ್ಲಿ ಒಂಟಿಯಾಗಿ ಮತ್ತೆ ಕೂಗತೊಡಗುತ್ತದೆ. ಅದು ಆಗ ಎಲ್ಲಿ ಸುತ್ತುತ್ತದೆ ಎಂದು ಮೊದಲೇ ತಿಳಿದಿದ್ದವರಿಗೆ, ಉಳಿದವರು ಉಪಾಹಾರಕ್ಕೆ ಹಿಂತಿರುಗಿದ ಮೇಲೆ ಖಾಲಿ ಕಾಡು ಸಿಗುತ್ತದೆ. ಮಳೆ ಬಂದ ದಿನಗಳಲ್ಲಿ ಹೊಲ ಮತ್ತು ಬಯಲುಗಳನ್ನು ನೋಡಿ, ಹಕ್ಕಿಗಳು ತೊಟ್ಟಿಕ್ಕುವ ಕಾಡಿನಿಂದ ಹೊರಬಂದು ತೆರೆದ ಜಾಗದಲ್ಲಿ ನಿಲ್ಲುವುದು ಸಾಮಾನ್ಯ.

ನಡೆಯುವಾಗ ಗೂಡು ಸಿಕ್ಕರೆ?

ಗೂಡು ನೆಲದ ಮೇಲೆಯೇ ಇರುತ್ತದೆ, ಪೊದೆಯ ಅಥವಾ ಬಿದ್ದ ಮರದ ಪಕ್ಕದಲ್ಲಿ. ಮುಟ್ಟದೆ, ಫೋಟೊಗಾಗಿ ಬಾಗದೆ, ಬಂದ ದಾರಿಯಲ್ಲೇ ಹಿಂತಿರುಗಿ ಆ ಕಡೆ ಮತ್ತೆ ಹೋಗಬೇಡಿ. ಕಾವಿನ ಆರಂಭದ ದಿನಗಳಲ್ಲಿ ಎಬ್ಬಿಸಿದರೆ ಹೇಂಟೆ ಗೂಡನ್ನೇ ತೊರೆಯುವ ಸಂಭವವಿದೆ.

ಪ್ರಾಣಿ ಸುಳಿದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾವನ್ನು ಮರಕ್ಕೆ ಕಟ್ಟುವುದರಿಂದ, ಆ್ಯಪ್‌ಗಳಿಂದ ಪ್ರಯೋಜನವಿದೆಯೆ?

ಕಾಡಿಗೆ ಪದೇ ಪದೇ ಹೋಗುವುದನ್ನು ತಪ್ಪಿಸುವ ಮಟ್ಟಿಗೆ ಕ್ಯಾಮೆರಾ ಒಳ್ಳೆಯದು. ಹೊಲದ ಮೂಲೆಗೆ ಅಥವಾ ಮೆರೆಯುವ ಜಾಗಕ್ಕೆ ಮುಖಮಾಡಿ, ಜಿಂಕೆಗೆ ಕಟ್ಟುವುದಕ್ಕಿಂತ ಸ್ವಲ್ಪ ತಗ್ಗಿನಲ್ಲಿ ಕಟ್ಟಬೇಕು. ಚಿತ್ರಕ್ಕಿಂತ ಅದರ ಮೇಲಿನ ಸಮಯವೇ ನಿಮಗೆ ಬೇಕಾದ ಮಾಹಿತಿ. ಆರಿಜೋನಾದಲ್ಲಿ ಬೇಟೆಗಾಗಿ ಇಂಥ ಕ್ಯಾಮೆರಾ ಬಳಸುವುದನ್ನು 2022ರಿಂದ ನಿಷೇಧಿಸಲಾಗಿದೆ. ಆದ್ದರಿಂದ ಯಾವುದೇ ಸಾರ್ವಜನಿಕ ಜಾಗದಲ್ಲಿ ಕಟ್ಟುವ ಮುನ್ನ ಅಲ್ಲಿನ ನಿಯಮ ವಿಚಾರಿಸಿ. ಹಕ್ಕಿಗಳ ದನಿ ಗುರುತಿಸುವ ಮರ್ಲಿನ್ ಆ್ಯಪ್ ಹೊಸಬರಿಗೆ ಕಿವಿ ಪಳಗಿಸಿಕೊಳ್ಳಲು ಸಹಾಯಕ.

ಹಕ್ಕಿ ಬರಲೆಂದು ಜೋಳ ಚೆಲ್ಲಬಹುದೆ?

ಮಿಸೌರಿಯಲ್ಲಿ ಕಾಳು ಚೆಲ್ಲಿದ ಜಾಗದಲ್ಲಿ ಟರ್ಕಿ ಬೇಟೆ ಅಪರಾಧ, ಮತ್ತು ಕಾಳನ್ನು ಪೂರ್ತಿ ತೆಗೆದ ಮೇಲೂ 10 ದಿನ ಆ ಜಾಗವನ್ನು ಹಾಗೆಯೇ ಪರಿಗಣಿಸುತ್ತಾರೆ. ಬೇರೆಯವರು ಚೆಲ್ಲಿರುವುದೂ ನಿಮ್ಮ ತಲೆಗೆ ಬರಬಹುದಾದ್ದರಿಂದ, ಕೂರಬೇಕೆಂದಿರುವ ಜಾಗದ ಸುತ್ತಮುತ್ತ ಕಾಳು ಬಿದ್ದಿದೆಯೇ ಎಂದು ಜಾಡು ನೋಡುವಾಗಲೇ ಪರೀಕ್ಷಿಸಿ. ರೈತರು ವಾಡಿಕೆಯಂತೆ ಕೊಯ್ದ ಹೊಲದಲ್ಲಿ ಉದುರಿದ ಕಾಳಿಗೆ ಇದು ಅನ್ವಯಿಸುವುದಿಲ್ಲ.

ರೈತರ ಜಮೀನಿಗೆ ಹೋಗಲು ಅನುಮತಿ ಪಡೆಯುವುದು ಹೇಗೆ?

ಋತುವಿನ ಹಿಂದಿನ ವಾರ ಹೋಗಿ ಕೇಳಿದರೆ ಆಗುವುದಿಲ್ಲ ಎಂಬ ಉತ್ತರಕ್ಕೆ ಸಿದ್ಧರಾಗಿರಿ. ಚಳಿಗಾಲದಲ್ಲೇ, ಹಗಲು ಹೊತ್ತಿನಲ್ಲಿ, ಬಂದೂಕಾಗಲಿ ಬೇಟೆಯ ಉಡುಪಾಗಲಿ ಇಲ್ಲದೆ ಮನೆಗೆ ಹೋಗಿ ಪರಿಚಯ ಹೇಳಿಕೊಂಡು ಕೇಳಬೇಕು. ಯಾವ ದಿನ, ಎಷ್ಟು ಜನ, ಕಾರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿಸಬೇಕು, ತೆಗೆದ ಗೇಟನ್ನು ಮುಚ್ಚಬೇಕು. ಬೇಲಿ ಸರಿಮಾಡುವ ಕೆಲಸದಲ್ಲಿ ಕೈಜೋಡಿಸಿದ ಬೇಟೆಗಾರರನ್ನು ಅಲ್ಲಿನ ರೈತರು ವರ್ಷವರ್ಷವೂ ಬರಹೇಳುವುದುಂಟು.

ಮರ ಅಥವಾ ಕಂಬಗಳ ಮೇಲೆ ನೇರಳೆ ಬಣ್ಣದ ಉದ್ದ ಗೆರೆ ಕಂಡರೆ ಒಳಗೆ ಹೆಜ್ಜೆಯಿಡಬೇಡಿ. ಮಿಸೌರಿಯ ಕಾನೂನಿನಂತೆ ಅದು ಪ್ರವೇಶ ನಿಷೇಧದ ಫಲಕಕ್ಕೆ ಸಮ. ಹೊಸದಾಗಿ ಬಂದವರಿಗೆ ಇದು ತಿಳಿದಿರುವುದಿಲ್ಲ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಬೇಟೆಯಾಡಬಹುದೆ?

ಅಮೆರಿಕದ ಕೇಂದ್ರ ಕಾನೂನು ವಲಸೆಯೇತರ ವೀಸಾದಲ್ಲಿರುವವರು, ಅಂದರೆ ಎಚ್-1ಬಿ, ಎಫ್-1 ಮುಂತಾದವರು, ಬಂದೂಕು ಮತ್ತು ತೋಟೆಗಳನ್ನು ಇಟ್ಟುಕೊಳ್ಳುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕಾನೂನುಬದ್ಧವಾಗಿ ನೀಡಿದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಉಳ್ಳವರಿಗೆ ಅದೇ ಕಾನೂನು ವಿನಾಯಿತಿ ಕೊಡುತ್ತದೆ. ಪರವಾನಗಿಯ ಅವಧಿ ಮುಗಿದೊಡನೆ ವಿನಾಯಿತಿಯೂ ಮುಗಿಯುತ್ತದೆ ಎಂಬುದನ್ನು ಮರೆಯಬಾರದು. ವಲಸೆಯ ಸ್ಥಿತಿಗೆ ಧಕ್ಕೆ ತರುವ ವಿಷಯವಾದ್ದರಿಂದ ಸ್ನೇಹಿತರ ಮಾತನ್ನು ನಂಬದೆ ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಹೊಂದಿದವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಇದಲ್ಲದೆ 1967ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಮಿಸೌರಿಯಲ್ಲಿ ಬಂದೂಕಿನ ಬೇಟೆಯ ಪರವಾನಗಿ ಪಡೆಯಲು ಸಾಮಾನ್ಯವಾಗಿ ಬೇಟೆ ಶಿಕ್ಷಣದ ತರಬೇತಿ ಮುಗಿಸಿರಬೇಕು. ಬಂದೂಕಿಲ್ಲದೆ ಬೈನಾಕ್ಯುಲರ್ ಹಿಡಿದು ಸಾರ್ವಜನಿಕ ಕಾಡಿನಲ್ಲಿ ಜಾಡು ನೋಡಲು ಇದಾವುದರ ಚಿಂತೆಯಿಲ್ಲ, ಮೊದಲ ವರ್ಷ ಅಷ್ಟನ್ನೇ ಮಾಡುವವರೂ ಇದ್ದಾರೆ.

ಭಾರತದಲ್ಲಿ ಬೇಟೆಗೆ ನಿಷೇಧವಿದೆ. ಅಲ್ಲಿ ಕಾಡುಹಕ್ಕಿಯನ್ನು ಹೊಡೆಯಲು ಸರ್ಕಾರವೇ ಒಪ್ಪುವುದು ಹೇಗೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಕಂಡು ಬೆಳೆದ ನಮಗೆ ಈ ಪ್ರಶ್ನೆ ಏಳುವುದು ಸಹಜ, ಏಳಬೇಕಾದದ್ದೂ ಹೌದು. ಮಿತಿಯಿಲ್ಲದ ಬೇಟೆ ಮತ್ತು ಕಾಡುನಾಶದಿಂದ ಅಮೆರಿಕದಲ್ಲಿಯೂ ಟರ್ಕಿ ಬಹುತೇಕ ಅಳಿದುಹೋಗಿತ್ತು. 1950ರ ದಶಕದ ಆರಂಭದಲ್ಲಿ ಮಿಸೌರಿಯಲ್ಲಿ ಉಳಿದಿದ್ದವು ಕೆಲವೇ ಸಾವಿರ. ಬೇಟೆಯನ್ನು ನಿಲ್ಲಿಸಿ, ಓಝಾರ್ಕ್‌ನ ಪೆಕ್ ರ‍್ಯಾಂಚ್ ಎಂಬಲ್ಲಿ ಉಳಿದಿದ್ದ ಕಾಡುಹಕ್ಕಿಗಳನ್ನು 1954ರಿಂದ ಬಲೆಯಲ್ಲಿ ಹಿಡಿದು ಬೇರೆ ಬೇರೆ ಕಾಡುಗಳಲ್ಲಿ ಬಿಡಲಾಯಿತು. ಸಾಕಿ ಬೆಳೆಸಿದ ಹಕ್ಕಿಗಳನ್ನು ಬಿಟ್ಟಾಗ ಅವು ಬದುಕಿರಲಿಲ್ಲ; ಹಿಡಿದು ಬಿಟ್ಟ ಕಾಡುಹಕ್ಕಿಗಳು ನೆಲೆಯೂರಿದವು. 1960ರಲ್ಲಿ ಮೊದಲ ಬಾರಿಗೆ ಕೆಲವು ಕೌಂಟಿಗಳಲ್ಲಿ ಮಾತ್ರ ಮೂರು ದಿನಗಳ ಬೇಟೆಗೆ ಅವಕಾಶ ದೊರೆಯಿತು. ಇಂತಹ ಕೆಲಸಗಳಿಗೆ ಹಣದ ದೊಡ್ಡ ಮೂಲ, 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಡಿ ಬಂದೂಕು ಮತ್ತು ತೋಟೆಗಳ ಮೇಲಿನ ತೆರಿಗೆಯಿಂದ ರಾಜ್ಯಗಳಿಗೆ ಹಂಚುವ ಮೊತ್ತ, ಜೊತೆಗೆ ಪರವಾನಗಿ ಶುಲ್ಕ.

ಈಗ ಮತ್ತೆ ಹಲವು ರಾಜ್ಯಗಳಲ್ಲಿ ಮರಿಗಳು ಬದುಕುಳಿಯುವ ಪ್ರಮಾಣ ಕಡಿಮೆಯಾಗಿ ಸಂಖ್ಯೆ ಇಳಿಯುತ್ತಿದೆ. ಜಾಡು ನೋಡುತ್ತಾ ನೋಡುತ್ತಾ ಒಂದು ಕಣಿವೆಯಲ್ಲಿ ಒಂದೇ ಹುಂಜವಿದೆ ಎಂದು ನಿಮಗೆ ಖಚಿತವಾದರೆ ಅದನ್ನು ಹೊಡೆಯದೆ ಬೇರೆ ಕಣಿವೆಗೆ ಹೋಗುವುದು ಸರಿಯೆಂದು ನಾನು ನಂಬುತ್ತೇನೆ.

ಕಾಡಿನಲ್ಲಿ ಯಾವುದಕ್ಕೆ ಹೆದರಬೇಕು?

ಮೊದಲನೆಯದು ಉಣುಗು. ಓಝಾರ್ಕ್‌ನಲ್ಲಿ ಏಪ್ರಿಲ್ ಹೊತ್ತಿಗೆ ಲೋನ್ ಸ್ಟಾರ್ ಉಣುಗು ಎಲ್ಲೆಲ್ಲೂ ಇರುತ್ತದೆ. ಅದರ ಕಡಿತದಿಂದ ಕೆಲವರಿಗೆ ಕುರಿ, ಹಂದಿ, ದನದ ಮಾಂಸವೇ ಒಗ್ಗದಂತಹ ಅಲರ್ಜಿ ಅಂಟಿಕೊಳ್ಳುತ್ತದೆ. ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿ ತೊಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದೊಡನೆ ಮೈಯೆಲ್ಲ ನೋಡಿಕೊಳ್ಳಿ. ಬಿಸಿಲೇರಿದ ಬಂಡೆಗಳ ಬಳಿ ಕಾಪರ್‌ಹೆಡ್ ಮತ್ತು ಬುಡುಬುಡಿಕೆ ಹಾವುಗಳಿರಬಹುದು.

ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಬ್ಬ ಬೇಟೆಗಾರ. ಹುಂಜದ ತಲೆಯ ಬಣ್ಣಗಳಾದ ಕೆಂಪು, ಬಿಳಿ, ನೀಲಿಯನ್ನು ಟೋಪಿ, ಕರವಸ್ತ್ರ, ಕಾಲುಚೀಲದಲ್ಲಿ ಕೂಡ ತೊಡಬಾರದು. ಜಾಡು ನೋಡುತ್ತಾ ನಡೆಯುವಾಗ ಕಿತ್ತಳೆ ಬಣ್ಣದ ಉಡುಪಿರಲಿ. ಕೂರಲು ನಿಮ್ಮ ಭುಜಕ್ಕಿಂತ ಅಗಲವಾದ, ತಲೆಗಿಂತ ಎತ್ತರವಾದ ಮರವನ್ನು ಮೊದಲೇ ಗುರುತಿಸಿಡಿ. ಹಿಂದಿನಿಂದ ಬರುವ ಗುಂಡಿಗೂ ಅದು ತಡೆ, ನಿಮ್ಮ ಆಕಾರವನ್ನೂ ಮರೆಮಾಡುತ್ತದೆ.

ಬೇಟೆಯ ಹಿಂದಿನ ಸಂಜೆ ಏನು ಮಾಡಬೇಕು?

ಸೂರ್ಯ ಮುಳುಗುವ ಹೊತ್ತಿಗೆ ಮರದಿಂದ ಸಾಕಷ್ಟು ದೂರದಲ್ಲಿ ನಿಂತು ಕೇಳಿ. ಹಕ್ಕಿಗಳು ಮರ ಹತ್ತುವಾಗ ರೆಕ್ಕೆಯ ಭಾರವಾದ ಬಡಿತ ಕೇಳುತ್ತದೆ, ಕೆಲವು ಹುಂಜಗಳು ಕೊಂಬೆಯ ಮೇಲೆ ಕುಳಿತು ಒಮ್ಮೆ ಕೂಗುತ್ತವೆ. ಕತ್ತಲಾದ ಮೇಲೆಯೇ ಅಲ್ಲಿಂದ ಹೊರಡಿ. ಮರುದಿನ ಬೆಳಕು ಹರಿಯುವ ಮುನ್ನ, ಹಕ್ಕಿ ಇಳಿದು ಹೋಗುವ ಕಡೆಯಲ್ಲಿ, ಮರದಿಂದ ನೂರು ನೂರೈವತ್ತು ಗಜ ದೂರದಲ್ಲಿ ಕೂರಬೇಕು. ಅಲ್ಲಿಗೆ ಹೋಗುವ ದಾರಿಯನ್ನು ಹಗಲಿನಲ್ಲೇ ನಡೆದು, ಅಡ್ಡಬಿದ್ದ ಒಣಕೊಂಬೆಗಳನ್ನು ಸರಿಸಿಟ್ಟಿದ್ದರೆ ಕತ್ತಲಲ್ಲಿ ಸದ್ದಾಗುವುದಿಲ್ಲ.

ಇಷ್ಟೆಲ್ಲ ಮಾಡಿ ಹೋದಾಗ ಆ ಜಾಗದ ಬಳಿ ಬೇರೆಯವರ ಕಾರು ನಿಂತಿದ್ದರೆ?

ಅವರು ನಿಮಗಿಂತ ಮೊದಲು ಬಂದಿದ್ದಾರೆ, ಸಾರ್ವಜನಿಕ ಕಾಡಿನಲ್ಲಿ ಆ ಬೆಳಗು ಅವರದು. ಅದೇ ಹಕ್ಕಿಗೆ ಇನ್ನೊಂದು ಕಡೆಯಿಂದ ಹೋಗುವುದು ಅಪಾಯಕರ, ಸಭ್ಯತೆಯೂ ಅಲ್ಲ. ಈ ಕಾರಣಕ್ಕಾಗಿಯೇ ಒಂದು ಹುಂಜವನ್ನು ಕಂಡ ಮೇಲೂ ಹುಡುಕಾಟ ನಿಲ್ಲಿಸದೆ, ಒಂದರಿಂದ ಒಂದು ಹದಿನೈದು ಇಪ್ಪತ್ತು ನಿಮಿಷದ ಕಾರಿನ ದಾರಿಯಲ್ಲಿರುವಂತೆ ಮೂರು ನಾಲ್ಕು ಜಾಗಗಳನ್ನಾದರೂ ಗೊತ್ತುಮಾಡಿಕೊಂಡಿರಬೇಕು. ಎರಡನೆಯ ಜಾಗಕ್ಕೆ ಕತ್ತಲಿರುವಾಗಲೇ ತಲುಪುವಷ್ಟು ಬೇಗ ಮನೆಯಿಂದ ಹೊರಟಿರಿ.